ದೊಡ್ಡಿಗೆ ಬಂದವರು ಯಾರು?



ಬೆಳಗಿನ ಜಾವ ಎದ್ದು ನೋಡುತ್ತೀರಿ, ರೊಪ್ಪದಲ್ಲಿ ಎರಡು ಕುರಿ ಸತ್ತು ಬಿದ್ದಿವೆ, ಮೂರನೆಯದರ ಸುಳಿವಿಲ್ಲ. ಊರಿನ ನಾಲ್ಕು ಜನ ಸೇರುತ್ತಾರೆ. ಒಬ್ಬರು ಹುಲಿ ಅನ್ನುತ್ತಾರೆ, ಇನ್ನೊಬ್ಬರು ಚಿರತೆ ಅನ್ನುತ್ತಾರೆ, ಮತ್ತೊಬ್ಬರು ತೋಳವೇ ಸರಿ ಎಂದು ವಾದಕ್ಕೆ ನಿಲ್ಲುತ್ತಾರೆ. ಕೊನೆಗೆ ಯಾರೋ ಹಿರಿಯರು, "ಯಾವುದಾದರೇನಪ್ಪ, ಹೋದದ್ದು ಹೋಯಿತು" ಎಂದು ಟವಲು ಕೊಡವಿ ಏಳುತ್ತಾರೆ.

ಆದರೆ ಯಾವುದಾದರೇನು ಎಂದು ಬಿಡುವ ಹಾಗಿಲ್ಲ. ಕಳ್ಳ ಯಾವ ದಾರಿಯಲ್ಲಿ ಬಂದ ಎಂದು ತಿಳಿಯದೆ ಮನೆಗೆ ಭದ್ರ ಮಾಡುವುದು ಹೇಗೆ? ಮಾಂಸ ತಿಂದು ಬದುಕುವ ಒಂದೊಂದು ಕಾಡುಪ್ರಾಣಿಗೂ ಒಂದೊಂದು ಕಟ್ಟಳೆ ಇದೆ. ಬರುವ ಹೊತ್ತು ಬೇರೆ, ಹಿಡಿಯುವ ರೀತಿ ಬೇರೆ, ಬಿಟ್ಟುಹೋಗುವ ಗುರುತು ಬೇರೆ. ಆ ಕಟ್ಟಳೆ ತಿಳಿದವನ ದನಕರುವಿಗೆ ಅರ್ಧ ಅಪಾಯ ಕಡಿಮೆ. ಅವನ ಮಕ್ಕಳಿಗೂ ಹಾಗೆಯೇ. ಈ ದಿನ ಅದನ್ನೇ ತಿಳಿದುಕೊಳ್ಳೋಣ.

"ಹಸಿದರೂ ಹುಲಿ ಹುಲ್ಲು ತಿನ್ನದು" ಎಂಬ ಗಾದೆ ನಮ್ಮಲ್ಲಿದೆ. ಪಟ್ಟು ಬಿಡದ ಮನುಷ್ಯನಿಗೆ ಈ ಮಾತನ್ನು ಹೇಳುತ್ತೇವೆ. ಹುಲಿಯ ಮಟ್ಟಿಗೆ ಅದು ಹಟದ ಮಾತಲ್ಲ, ಹೊಟ್ಟೆಯ ಮಾತು. ನಮ್ಮ ಎತ್ತಿಗೆ ಹುಲ್ಲು ಅರೆಯಲು ಅಗಲವಾದ ದವಡೆಹಲ್ಲು ಇದೆ, ನಾಲ್ಕು ಕೋಣೆಯ ಹೊಟ್ಟೆ ಇದೆ, ಮೆಲುಕು ಹಾಕುವ ಅನುಕೂಲ ಇದೆ. ಹುಲಿಗೆ ಇವು ಯಾವುವೂ ಇಲ್ಲ. ಅದರ ದವಡೆಹಲ್ಲು ಕತ್ತರಿಯ ಹಾಗೆ ಕತ್ತರಿಸುತ್ತದೆ, ಅರೆಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ನಾಲ್ಕು ಎಸಳು ಹುಲ್ಲು ಕಡಿಯುವುದುಂಟು, ಆದರೆ ಅದರಿಂದ ಅದರ ಹೊಟ್ಟೆ ತುಂಬದು. ಅಂದಮೇಲೆ ಅದು ಕೊಲ್ಲುವುದು ಕೇಡಿಗತನದಿಂದಲ್ಲ. ಹುಟ್ಟಿದ್ದೇ ಆ ಕಸುಬಿಗೆ.

ನಮ್ಮ ಸೀಮೆಯ ಬೇಟೆಗಾರ ಪ್ರಾಣಿಗಳಲ್ಲಿ ಮುಖ್ಯವಾಗಿ ಎರಡು ಕುಲ. ಒಂದು ಬೆಕ್ಕಿನ ಕುಲ, ಇನ್ನೊಂದು ನಾಯಿಯ ಕುಲ. ಹುಲಿ, ಚಿರತೆ ಬೆಕ್ಕಿನ ಕುಲ. ತೋಳ, ಸೀಳುನಾಯಿ ನಾಯಿಯ ಕುಲ. ನಿಮ್ಮ ಮನೆಯ ಬೆಕ್ಕು ಇಲಿ ಹಿಡಿಯುವುದನ್ನು ನೋಡಿ. ಒಂಟಿಯಾಗಿ ಹೊಂಚು ಹಾಕುತ್ತದೆ, ನೆಲಕ್ಕೆ ಅಂಟಿಕೊಂಡು ತೆವಳುತ್ತದೆ, ಒಂದೇ ನೆಗೆತಕ್ಕೆ ಎರಗುತ್ತದೆ. ತಪ್ಪಿದರೆ ದೂರ ಅಟ್ಟಿಸಿಕೊಂಡು ಹೋಗುವುದಿಲ್ಲ. ಹುಲಿ ಚಿರತೆಗಳೂ ಹಾಗೆಯೇ. ನಾಯಿಗಳಾದರೋ ಗುಂಪು ಕಟ್ಟಿ ಓಡಿಸಿ, ದಣಿಸಿ ಹಿಡಿಯುತ್ತವೆ. ತೋಳ, ಸೀಳುನಾಯಿಗಳ ರೀತಿಯೂ ಅದೇ.

ಹೆಜ್ಜೆಯ ಗುರುತೂ ಇದೇ ಲೆಕ್ಕ. ಬೆಕ್ಕಿನ ಕುಲ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ. ಹಸಿಮಣ್ಣಿನ ಮೇಲೆ ನಾಲ್ಕು ಬೆರಳು ಮತ್ತು ಹಿಂದಿನ ಅಂಗಾಲಿನ ಗುರುತು ಮೂಡುತ್ತದೆ, ಉಗುರಿನ ಗುರುತು ಕಾಣುವುದಿಲ್ಲ. ನಾಯಿಯ ಕುಲದ ಹೆಜ್ಜೆಯಲ್ಲಿ ಬೆರಳಿನ ಮುಂದೆ ಉಗುರಿನ ಚುಕ್ಕೆ ಕಾಣುತ್ತದೆ. ಬೆಕ್ಕಿನ ಕುಲದ ಹೆಜ್ಜೆ ಮೂರು ಅಂಗುಲದ ಆಸುಪಾಸು ಅಗಲವಿದ್ದರೆ ಚಿರತೆ ಇರಬಹುದು, ಐದಾರು ಅಂಗುಲ ಅಗಲವಿದ್ದರೆ ಹುಲಿ. ಮರಿಹುಲಿಯ ಹೆಜ್ಜೆ ಚಿರತೆಯದರಂತೆ ಕಂಡು ಮೋಸ ಹೋಗುವುದೂ ಉಂಟು. ಆದ್ದರಿಂದ ಗುರುತಿನ ಮೇಲೆ ಒಂದು ಬಾಂಡ್ಲಿಯನ್ನು ಮುಚ್ಚಿಡಿ, ಜನ ತುಳಿಯದಂತೆ ನೋಡಿಕೊಳ್ಳಿ, ಅರಣ್ಯ ಇಲಾಖೆಯವರಿಗೆ ತೋರಿಸಿ.

ಈಗ ಒಬ್ಬೊಬ್ಬರನ್ನೇ ನೋಡೋಣ. ಮೊದಲು ಹುಲಿ.

ಗಂಡು ಹುಲಿ ಇನ್ನೂರು ಕಿಲೋ ತೂಗುವುದು ಸಾಮಾನ್ಯ. ಅದರ ಮೈಮೇಲಿನ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ, ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ಡಾ. ಉಲ್ಲಾಸ ಕಾರಂತರು ಮತ್ತು ಅವರ ಸಂಗಡಿಗರು ನಾಗರಹೊಳೆ ಕಾಡಿನ ಹಾದಿಗಳಲ್ಲಿ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇಟ್ಟು, ಪಟ್ಟೆ ನೋಡಿ ಹುಲಿಗಳನ್ನು ಒಂದೊಂದಾಗಿ ಗುರುತಿಸಿದರು. ಈಗ ದೇಶವೆಲ್ಲ ಇದೇ ರೀತಿಯಲ್ಲಿ ಹುಲಿ ಎಣಿಸುತ್ತಾರೆ. ೨೦೨೨ರ ಎಣಿಕೆಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು ೫೬೩.

ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆಯಂಥ ಸುಮಾರು ೫೦ ಪ್ರಾಣಿಗಳು ಆಹಾರಕ್ಕೆ ಬೇಕು. ಅಂದರೆ ವಾರಕ್ಕೊಂದು. ಬ್ಯಾಂಕಿನ ಅಸಲು ಕರಗದೆ ಬಡ್ಡಿಯಲ್ಲಿ ಸಂಸಾರ ನಡೆಯಬೇಕಾದರೆ ಅಸಲು ದೊಡ್ಡದಿರಬೇಕಲ್ಲವೆ? ಹಾಗೆಯೇ ವರ್ಷಕ್ಕೆ ೫೦ ತಿಂದರೂ ಹಿಂಡು ಕರಗದಿರಬೇಕಾದರೆ ಕಾಡಿನಲ್ಲಿ ಅಂಥ ೫೦೦ ಪ್ರಾಣಿಗಳಾದರೂ ಇರಬೇಕು. ಉರುಳು ಹಾಕಿ ಜಿಂಕೆ, ಕಾಡುಹಂದಿ ಹಿಡಿದರೆ ಈ ಅಸಲು ಕರಗುತ್ತದೆ. ಆಮೇಲೆ ಹುಲಿಯ ಕಣ್ಣು ಕಾಡಂಚಿನಲ್ಲಿ ಮೇಯುವ ನಮ್ಮ ದನದ ಮೇಲೆ ಬೀಳುತ್ತದೆ. ಹುಲಿಗೆ ಬೇಟೆ ಎಂಬುದು ಸುಲಭದ ಕೂಳೂ ಅಲ್ಲ. ಹತ್ತು ಸಲ ಎರಗಿದರೆ ಒಂದು ಸಲ ಸಿಕ್ಕರೆ ಪುಣ್ಯ. ಮುಪ್ಪಾದ ಹುಲಿ, ಹಲ್ಲು ಮುರಿದ ಹುಲಿ, ಮುಳ್ಳುಹಂದಿಯ ಮುಳ್ಳು ಚುಚ್ಚಿಕೊಂಡ ಹುಲಿ, ಉರುಳಿನಲ್ಲಿ ಕಾಲು ಕೊಯ್ದುಕೊಂಡ ಹುಲಿ ಓಡುವ ಜಿಂಕೆಯನ್ನು ಹಿಡಿಯಲಾರದೆ ನಿಧಾನವಾಗಿ ನಡೆಯುವ ದನಕ್ಕೆ ಬರುತ್ತದೆ. ಕುಮಾವೂನಿನ ಚಂಪಾವತದಲ್ಲಿ ನರಭಕ್ಷಕವಾಗಿದ್ದ ಹೆಣ್ಣುಹುಲಿಯನ್ನು ಜಿಮ್ ಕಾರ್ಬೆಟ್ ೧೯೦೭ರಲ್ಲಿ ಹೊಡೆದಾಗ ಅದರ ಬಾಯಿ ಬಿಡಿಸಿ ನೋಡಿದರು. ಬಲಗಡೆಯ ಮೇಲಿನ ಕೆಳಗಿನ ಕೋರೆಹಲ್ಲು ಮುರಿದಿದ್ದವು. ಹಿಂದೆ ಯಾರೋ ಹಾರಿಸಿದ ಗುಂಡಿನ ಪೆಟ್ಟು ಅದು.

ಇನ್ನು ಚಿರತೆ. ಹಳ್ಳಿಯವರಿಗೆ ಹೆಚ್ಚು ಎದುರಾಗುವುದು ಇದೇ. ೨೦೨೨ರ ಅಂದಾಜಿನಂತೆ ಕರ್ನಾಟಕದಲ್ಲಿ ೧,೮೭೯ ಚಿರತೆಗಳು. ಒಂದು ಹುಲಿಗೆ ಮೂರಕ್ಕೂ ಮೀರಿ ಚಿರತೆ ಎಂದಾಯಿತು. ಅದೂ ಹುಲಿಗೆ ದಟ್ಟ ಕಾಡು ಬೇಕು, ಚಿರತೆಗೆ ಬೇಡ. ಕಲ್ಲುಗುಡ್ಡ ಸಾಕು, ಕುರುಚಲು ಸಾಕು, ಆಳೆತ್ತರ ಬೆಳೆದ ಕಬ್ಬಿನ ಗದ್ದೆಯೂ ಸಾಕು. ದೊರೆತದ್ದನ್ನು ತಿಂದು ಬದುಕುವ ಪ್ರಾಣಿ ಅದು. ಹಂದಿಮರಿ, ಮೊಲ, ಕೋತಿ, ನವಿಲು, ಇಲಿ ಯಾವುದಕ್ಕೂ ಇಲ್ಲವೆನ್ನುವುದಿಲ್ಲ. ತನ್ನಷ್ಟೇ ತೂಕದ ಬೇಟೆಯನ್ನು ಬಾಯಲ್ಲಿ ಕಚ್ಚಿಕೊಂಡು ಮರ ಹತ್ತುವ ಕಸುವು ಅದಕ್ಕಿದೆ. ಆಳೆತ್ತರದ ಗೋಡೆ ಅದರ ಲೆಕ್ಕಕ್ಕೇ ಇಲ್ಲ.

ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನಲ್ಲಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಕಬ್ಬಿನ ಗದ್ದೆಗಳ ನಡುವೆ ಬಾಳುವ ಚಿರತೆಗಳು ಏನು ತಿನ್ನುತ್ತವೆ ಎಂದು ಅವುಗಳ ಲದ್ದಿಯನ್ನು ಪರೀಕ್ಷಿಸಿ ನೋಡಿದರು. ೨೦೧೪ರಲ್ಲಿ ಪ್ರಕಟವಾದ ಆ ಲೆಕ್ಕ ನಮ್ಮೆಲ್ಲರಿಗೂ ಪಾಠ. ಚಿರತೆಯ ಆಹಾರದ ತೂಕದಲ್ಲಿ ನೂರಕ್ಕೆ ೩೯ ಪಾಲು ನಾಯಿ. ಮೇಕೆ ನೂರಕ್ಕೆ ೧೧ ಪಾಲು ಮಾತ್ರ. ಆ ಸೀಮೆಯಲ್ಲಿ ನಾಯಿಗಿಂತ ಮೇಕೆಗಳೇ ಎಷ್ಟೋ ಹೆಚ್ಚು. ಹಾಗಾದರೆ ಮೇಕೆ ಯಾಕೆ ಕಡಿಮೆ ಸಿಕ್ಕಿತು? ಮೇಕೆಯನ್ನು ಹಗಲು ಕಾಯುತ್ತಾರೆ, ರಾತ್ರಿ ಒಳಗೆ ಕೂಡುತ್ತಾರೆ. ಬೀದಿನಾಯಿಯನ್ನು ಕೇಳುವವರಿಲ್ಲ. ಕಾವಲಿನಲ್ಲಿರುವುದು ಉಳಿಯುತ್ತದೆ, ಬಯಲಲ್ಲಿ ಬಿದ್ದಿರುವುದು ಹೋಗುತ್ತದೆ. ಇದು ಪುಸ್ತಕದ ಮಾತಲ್ಲ, ಚಿರತೆಯ ಹೊಟ್ಟೆಯೇ ಹೇಳಿದ ಮಾತು.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಊರ ಹೊರಗೆ ಕೋಳಿ ಪುಚ್ಚ, ಕುರಿ ಕರುಳು ಎಸೆದರೆ ನಾಯಿಗಳು ಸೇರುತ್ತವೆ. ನಾಯಿಗಳ ಬೆನ್ನು ಹತ್ತಿ ಚಿರತೆ ಬರುತ್ತದೆ. ನಾವೇ ಎಲೆ ಹಾಕಿ ಊಟಕ್ಕೆ ಕರೆದ ಹಾಗೆ. ಆ ಕಸವನ್ನು ಗುಂಡಿ ತೋಡಿ ಹೂಳಿ, ಮೇಲೆ ಮಣ್ಣು ಮುಚ್ಚಬೇಕು.

ಚಿರತೆ ರೊಪ್ಪದೊಳಗೆ ನುಗ್ಗಿದಾಗ ಒಂದನ್ನು ಹೊತ್ತು ಹೋಗುವುದು ಬಿಟ್ಟು ನಾಲ್ಕೈದನ್ನು ಕೊಂದು ಹಾಕುವುದುಂಟು. "ಇದೇನು ಸ್ವಾಮಿ, ಹಸಿವಿಗಲ್ಲ, ಹಗೆಗೆ ಕೊಂದಿದೆ" ಅನ್ನುತ್ತಾರೆ. ಹಗೆಯಲ್ಲ. ಕಾಡಿನಲ್ಲಿ ಒಂದನ್ನು ಹಿಡಿದರೆ ಉಳಿದವು ಓಡಿಹೋಗುತ್ತವೆ. ರೊಪ್ಪದಲ್ಲಿ ಓಡಲು ದಾರಿಯಿಲ್ಲದೆ ಕುರಿಗಳು ಅದರ ಸುತ್ತಲೇ ಗಾಬರಿಯಿಂದ ಎಗರಾಡುತ್ತವೆ. ಅಲುಗಾಡಿದ್ದನ್ನು ಹಿಡಿಯುವುದು ಅದರ ಹುಟ್ಟುಗುಣ.

ಮೂರನೆಯದು ಸೀಳುನಾಯಿ. ಕೆಂಚು ಮೈ, ಕಪ್ಪು ಪೊದೆಬಾಲ. ಒಂದೊಂದೂ ಹದಿನೈದು ಕಿಲೋದ ಆಸುಪಾಸು, ಊರನಾಯಿಗಿಂತ ದೊಡ್ಡದೇನಲ್ಲ. ಆದರೆ ಎಂಟು ಹತ್ತು ಸೇರಿದರೆ ಕಡವೆಯನ್ನೇ ಕೆಡವುತ್ತವೆ. ಬೊಗಳುವುದಕ್ಕಿಂತ ಸಿಳ್ಳೆ ಹಾಕಿ ಒಂದನ್ನೊಂದು ಕರೆಯುವುದೇ ಇವುಗಳ ಪದ್ಧತಿ. ಬೇಟೆ ಹೆಚ್ಚಾಗಿ ಹಗಲಿನಲ್ಲಿ, ಅದೂ ಬೆಳಗ್ಗೆ ಮತ್ತು ಸಂಜೆ. ಮರಿಗಳನ್ನು ಕಾಯುತ್ತ ಗೂಡಿನಲ್ಲಿ ಉಳಿದವರಿಗೂ ಮರಿಗಳಿಗೂ ಬೇಟೆಯಿಂದ ಮರಳಿದವು ತಿಂದದ್ದನ್ನು ಕಕ್ಕಿ ಉಣಿಸುತ್ತವೆ. ಅಂಥ ಒಟ್ಟುಕುಟುಂಬ. ಮನುಷ್ಯರ ತಂಟೆಗೆ ಇವು ಬರುವುದಿಲ್ಲ. ಹಿಂದಿನ ಕಾಲದಲ್ಲಿ ಇವನ್ನು ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಈಗ ೧೯೭೨ರ ವನ್ಯಜೀವಿ ಕಾಯಿದೆ ಇವನ್ನು ಕಾಯುತ್ತದೆ. ಊರನಾಯಿಯ ಹುಚ್ಚು ಮತ್ತು ಇತರ ರೋಗ ಇವಕ್ಕೂ ಅಂಟುತ್ತವೆ. ನಿಮ್ಮ ನಾಯಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದರೆ ನಿಮ್ಮ ಮಕ್ಕಳಿಗೂ ಕ್ಷೇಮ, ಕಾಡಿಗೂ ಕ್ಷೇಮ.

ನಾಲ್ಕನೆಯದು ತೋಳ. ಇದು ಕಾಡಿನ ಪ್ರಾಣಿಗಿಂತ ಬಯಲಿನ ಪ್ರಾಣಿ. ಕೊಪ್ಪಳದ ಕಡೆಯ ಕುರುಚಲು ಬಯಲು, ಹುಲ್ಲುಗಾವಲು ಇದರ ನೆಲೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಧಾಮವಿದೆ. ಕೃಷ್ಣಮೃಗ, ಮೊಲ, ಇಲಿ ಇದರ ಆಹಾರ. ಬಯಲು ಕಡಿಮೆಯಾಗಿ ಕೃಷ್ಣಮೃಗ ಇಲ್ಲವಾದ ಕಡೆ ಕುರಿಯೇ ಗತಿ. ಕುರುಬರ ಹಿಂಡಿನ ಹಿಂದೆ ಮೈಲುಗಟ್ಟಲೆ ನಡೆದು, ಕಾಯುವವನ ಕಣ್ಣು ಆಚೆ ಹೊರಳಿದ ಗಳಿಗೆಯಲ್ಲಿ ಕುರಿಮರಿಯನ್ನು ಎತ್ತುತ್ತದೆ. "ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು" ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಆದರೆ ಹೊಲದ ಇಲಿಯನ್ನೂ ಬೆಳೆ ಮೇಯುವ ಮೊಲವನ್ನೂ ಕಡಿಮೆ ಮಾಡುವ ಉಪಕಾರವೂ ಅದರದ್ದೇ ಎಂಬುದನ್ನು ಕಲ್ಲು ಎತ್ತುವ ಮೊದಲು ನೆನೆಯಬೇಕು.

ಇವರ ಜೊತೆಗೆ ಒಬ್ಬ ಬಡಪಾಯಿ ಇದ್ದಾನೆ, ಕತ್ತೆಕಿರುಬ. ಮುಂಗಾಲು ಎತ್ತರ, ಹಿಂಗಾಲು ಗಿಡ್ಡ, ಮೈಮೇಲೆ ಪಟ್ಟೆ. ಇದರ ದವಡೆ ದನದ ಮೂಳೆಯನ್ನೂ ಪುಡಿಮಾಡುತ್ತದೆ. ಮೂಳೆ ತಿಂದೇ ಇದರ ಲದ್ದಿ ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದು ಹೆಚ್ಚಾಗಿ ಸತ್ತದ್ದನ್ನು ತಿನ್ನುವ ಪ್ರಾಣಿ. ಹೆಣದ ಹತ್ತಿರ ಕಂಡ ಮಾತ್ರಕ್ಕೆ ಕೊಂದವನು ಅವನೇ ಎಂದು ತೀರ್ಮಾನಿಸಬೇಡಿ.

ಇನ್ನು ಸತ್ತ ಪ್ರಾಣಿಯ ಮೈ ಏನು ಹೇಳುತ್ತದೆ ನೋಡೋಣ. ಗಂಟಲಲ್ಲೋ ಕತ್ತಿನ ಹಿಂದೆಯೋ ಆಳವಾದ ಕೋರೆಹಲ್ಲಿನ ತೂತುಗಳಿದ್ದರೆ ಅದು ಬೆಕ್ಕಿನ ಕುಲದ ಕೆಲಸ. ಹುಲಿ ಸಾಮಾನ್ಯವಾಗಿ ಹಿಂಭಾಗದಿಂದ, ತೊಡೆಯಿಂದ ತಿನ್ನಲು ಆರಂಭಿಸುತ್ತದೆ. ತಿಂದು ಉಳಿದದ್ದನ್ನು ಪೊದೆಗೆ ಎಳೆದಿಟ್ಟು ಮತ್ತೆ ಬರುತ್ತದೆ. ಹಿಂಗಾಲು, ಕಿವಿ, ಬಾಲ ಎಲ್ಲೆಂದರಲ್ಲಿ ಹರಿದು, ಹತ್ತಾರು ಕುರಿಗೆ ಗಾಯವಾಗಿ, ತಿಂದದ್ದು ಮಾತ್ರ ಕಡಿಮೆಯಾಗಿದ್ದರೆ ಬೀದಿನಾಯಿಗಳನ್ನು ಸಂಶಯಿಸಬೇಕು. ಎಷ್ಟೋ ಕಡೆ ನಾಯಿ ಮಾಡಿದ ಪಾಪ ತೋಳದ ತಲೆಗೆ ಬೀಳುತ್ತದೆ.

"ಅಲ್ಲ ಸ್ವಾಮಿ, ಹೋದದ್ದು ನಮ್ಮ ಕರು. ನೀವು ಪ್ರಾಣಿಗಳ ವಂಶಾವಳಿ ಹೇಳ್ತಾ ಕೂತ್ರಲ್ಲ!" ಎಂದು ಕೇಳುವವರು ಇರಬಹುದು. ಸರಿಯಾದ ಮಾತು. ದನಕರುವಿಗಿಂತ ದೊಡ್ಡ ನಷ್ಟವೂ ಆಗಿದೆ. ೨೦೨೨ರ ಅಕ್ಟೋಬರಿನಿಂದ ೨೦೨೩ರ ಜನವರಿಯ ಒಳಗೆ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ಕು ಜೀವ ಹೋದವು. ಅವರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗನೂ ಇದ್ದ. ಆ ಮನೆಗಳ ದುಃಖದ ಮುಂದೆ ಯಾವ ಪಾಠವೂ ಚಿಕ್ಕದೇ. ಹಾಗೆಂದೇ, ಮುಂದೆ ಇನ್ನೊಂದು ಮನೆಗೆ ಈ ದುಃಖ ಬಾರದಂತೆ ಮಾಡತಕ್ಕದ್ದನ್ನು ಮಾಡಬೇಕು.

ಚಿರತೆ ನೆಟ್ಟಗೆ ನಿಂತ ಮನುಷ್ಯನಿಗೆ ಅಂಜುತ್ತದೆ. ಬಗ್ಗಿದವನು, ಕುಕ್ಕರುಗಾಲಲ್ಲಿ ಕೂತವನು, ಚಿಕ್ಕ ಮಗು ಅದರ ಕಣ್ಣಿಗೆ ನಾಲ್ಕು ಕಾಲಿನ ಪ್ರಾಣಿಯಂತೆ ಕಾಣಬಹುದು. ಕತ್ತಲಾದ ಮೇಲೆ ಬಯಲಿಗೆ ಹೋಗುವುದನ್ನು ಬಿಡಿ. ಮನೆಯಲ್ಲಿ ಶೌಚಾಲಯವಿದ್ದರೆ ಅದರಲ್ಲಿ ಸೌದೆ ತುಂಬಬೇಡಿ, ಉಪಯೋಗಿಸಿ. ಸಂಜೆಯ ಮೇಲೆ ಮಕ್ಕಳನ್ನು ಅಂಗಡಿಗೆ ಒಬ್ಬರನ್ನೇ ಕಳಿಸಬೇಡಿ. ಗದ್ದೆಗೆ ನೀರು ಕಟ್ಟಲು ರಾತ್ರಿ ಹೋಗಲೇಬೇಕಾದರೆ ಇಬ್ಬರು ಹೋಗಿ. ಬ್ಯಾಟರಿ ಹಿಡಿಯಿರಿ, ಗಟ್ಟಿಯಾಗಿ ಮಾತಾಡುತ್ತ ನಡೆಯಿರಿ. ಹುಲ್ಲು ಕೊಯ್ಯುವಾಗ ಒಬ್ಬರು ನಿಂತು ಸುತ್ತ ನೋಡುತ್ತಿರಲಿ. ಎದುರಿಗೆ ಚಿರತೆ ಕಂಡರೆ ಓಡಬೇಡಿ, ಓಡುವುದನ್ನು ಅಟ್ಟುವುದೇ ಅದರ ಗುಣ. ಬಗ್ಗಬೇಡಿ. ಕೈ ಮೇಲೆತ್ತಿ, ಮಗುವಿದ್ದರೆ ಎತ್ತಿಕೊಂಡು, ಅದರ ಕಡೆ ಮುಖ ಮಾಡಿಕೊಂಡೇ ನಿಧಾನವಾಗಿ ಹಿಂದೆ ಸರಿಯಿರಿ.

ಕೊಟ್ಟಿಗೆಯ ಮಾತು. ಮುಳ್ಳುಬೇಲಿ ಕುರಿಯನ್ನು ಒಳಗೆ ಇಡುತ್ತದೆಯೇ ಹೊರತು ಚಿರತೆಯನ್ನು ಹೊರಗೆ ಇಡುವುದಿಲ್ಲ. ನಾಲ್ಕು ಕಡೆ ಗೋಡೆಯೋ ಗಟ್ಟಿ ತಂತಿಬಲೆಯೋ ಇರಬೇಕು. ಮೇಲುಗಡೆಯೂ ಮುಚ್ಚಿರಬೇಕು, ಇದು ಮುಖ್ಯ. ಕಿಟಕಿಗೆ ಸರಳು, ಬಾಗಿಲಿಗೆ ಹಲಗೆ ಮತ್ತು ಅಗುಳಿ ಇರಬೇಕು. ಒಂದು ದೀಪವಿದ್ದರೆ ಒಳ್ಳೆಯದು. ಮನೆಯ ಸುತ್ತಲ ಪೊದೆ ಸವರಿರಿ. ಖರ್ಚು ಬರುತ್ತದೆ, ನಿಜ. ಆದರೆ ಒಂದು ಮೇಕೆಯ ಬೆಲೆಯನ್ನು ತಂತಿಬಲೆಯ ಬೆಲೆಯ ಪಕ್ಕದಲ್ಲಿ ಇಟ್ಟು ಲೆಕ್ಕ ಹಾಕಿ ನೋಡಿ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಕಬ್ಬು ಕಡಿಯುವಾಗ ಚಿರತೆಮರಿ ಕಂಡರೆ ಮುಟ್ಟಬೇಡಿ, ಮನೆಗೆ ತರಬೇಡಿ. ಕೆಲಸ ನಿಲ್ಲಿಸಿ ದೂರ ಸರಿಯಿರಿ, ಅರಣ್ಯ ಇಲಾಖೆಗೆ ತಿಳಿಸಿ. ಮಹಾರಾಷ್ಟ್ರದ ಜುನ್ನರ್ ಕಡೆ ಕಬ್ಬಿನಲ್ಲಿ ಸಿಕ್ಕ ಮರಿಗಳನ್ನು ಸಂಜೆ ಅದೇ ಜಾಗದಲ್ಲಿ ಇಟ್ಟು, ರಾತ್ರಿ ತಾಯಿ ಬಂದು ಒಯ್ಯುವಂತೆ ಮಾಡಿದ್ದಾರೆ. ಮರಿ ಕಳೆದುಕೊಂಡ ತಾಯಿ ಊರ ಸುತ್ತ ಅಲೆಯುವುದು ಯಾರಿಗೂ ಒಳ್ಳೆಯದಲ್ಲ.

"ಹಿಡಿದು ದೂರದ ಕಾಡಿಗೆ ಬಿಟ್ಟರಾಯಿತಲ್ಲ" ಎಂಬ ಮಾತು ಎಲ್ಲ ಊರಿನಲ್ಲೂ ಬರುತ್ತದೆ. ಜುನ್ನರಿನಲ್ಲಿ ಅದನ್ನೂ ಮಾಡಿ ನೋಡಿದರು. ೨೦೦೧ರಿಂದ ಆಚೆ ಚಿರತೆಗಳನ್ನು ಹಿಡಿದು ಬೇರೆ ಕಡೆ ಬಿಟ್ಟರು. ಮೊದಲು ವರ್ಷಕ್ಕೆ ಸರಾಸರಿ ನಾಲ್ಕು ಇದ್ದ ಮನುಷ್ಯರ ಮೇಲಿನ ದಾಳಿ ಆಮೇಲೆ ಹದಿನೇಳಕ್ಕೆ ಏರಿತು ಎಂದು ೨೦೧೧ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಗುರುತಿಲ್ಲದ ಸೀಮೆಯಲ್ಲಿ ಬಿಟ್ಟ ಚಿರತೆ ಕಂಗಾಲಾಗಿ ತನ್ನ ನೆಲೆಯತ್ತ ಮರಳಲು ಅಲೆಯುತ್ತದೆ. ಅದು ಬಿಟ್ಟ ಜಾಗಕ್ಕೆ ಇನ್ನೊಂದು ಚಿರತೆ ಬಂದು ಸೇರುತ್ತದೆ. ಮನುಷ್ಯರ ಮೇಲೆ ಬೀಳುವುದನ್ನು ರೂಢಿ ಮಾಡಿಕೊಂಡ ಪ್ರಾಣಿಯ ವಿಷಯ ಬೇರೆ. ಅದನ್ನು ಹಿಡಿಯಲೇಬೇಕು, ಆ ಕೆಲಸ ಇಲಾಖೆಯದು. ದಾರಿಯಲ್ಲಿ ಸುಮ್ಮನೆ ಹಾದುಹೋದ ಚಿರತೆಗೆಲ್ಲ ಬೋನು ಇಡಿ ಎಂದು ಹಟ ಹಿಡಿದರೆ ತೊಂದರೆ ಹೆಚ್ಚಬಹುದು. ಇನ್ನು ಚಿರತೆ ಹೊಕ್ಕ ಮನೆಯನ್ನೋ ಬಿದ್ದ ಬಾವಿಯನ್ನೋ ಸಾವಿರ ಜನ ಸುತ್ತುವರಿದು ಕೂಗುವುದು ಎಲ್ಲಕ್ಕಿಂತ ಅಪಾಯ. ಓಡಲು ದಾರಿ ಕಾಣದ ಪ್ರಾಣಿ ಜನರ ಮೇಲೆಯೇ ಹಾರುತ್ತದೆ.

ಕೊನೆಯದಾಗಿ ವಿಷದ ಮಾತು. ೨೦೨೫ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ, ಅದರ ನಾಲ್ಕು ಮರಿಗಳು ಒಟ್ಟಿಗೆ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮೈಗೆ ವಿಷ ಹಾಕಲಾಗಿತ್ತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟದ ಸೀಮೆಯಲ್ಲಿ ಹೀಗಾಯಿತು. ಹಸು ಕಳೆದುಕೊಂಡವನ ಸಂಕಟ ಸುಳ್ಳಲ್ಲ. ಹಾಲು ಮಾರಿ ಬದುಕುವ ಮನೆಗೆ ಹಸುವೆಂದರೆ ಅನ್ನದ ಬಟ್ಟಲು. ಆದರೆ ವಿಷ ಹಾಕಿದ್ದರಿಂದ ಸತ್ತ ಹಸು ಎದ್ದು ಬರಲಿಲ್ಲ. ಬಂದದ್ದು ಪೊಲೀಸು, ಕೋರ್ಟು, ಜೈಲು. ವಿಷವಿಟ್ಟ ಹೆಣವನ್ನು ತಿಂದರೆ ಊರನಾಯಿ, ಕಾಗೆ, ಹದ್ದುಗಳೂ ಸಾಯುತ್ತವೆ. ಹುಲಿ ಇಲ್ಲವಾದರೆ ಕಾಡುಹಂದಿಗೂ ಕಡವೆಗೂ ಅಂಕೆಯೇ ಇರುವುದಿಲ್ಲ. ಅವು ಬಂದು ಮೇಯುವುದು ನಮ್ಮ ರಾಗಿ, ಜೋಳವನ್ನೇ.

ಇದಕ್ಕೆ ಬದಲು ಹೀಗೆ ಮಾಡಿ. ಕಾಡುಪ್ರಾಣಿ ದನ ಕುರಿಗಳನ್ನು ಕೊಂದರೆ ಸರ್ಕಾರದಿಂದ ಪರಿಹಾರ ಉಂಟು. ಸತ್ತ ಪ್ರಾಣಿಯನ್ನು ಎಳೆದಾಡಬೇಡಿ, ಹೂಳಬೇಡಿ. ಗಾಯ ಮತ್ತು ಹೆಜ್ಜೆಗಳ ಚಿತ್ರವನ್ನು ಮೊಬೈಲಿನಲ್ಲಿ ತೆಗೆಯಿರಿ. ತಡಮಾಡದೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ಪಶುವೈದ್ಯರಿಗೂ ತಿಳಿಸಿ. ಅವರು ಬಂದು ನೋಡಿ ಬರೆದುಕೊಂಡ ಮೇಲೆ ಅರ್ಜಿ ಕೊಟ್ಟು ಅದರ ನಕಲನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಹಣ ಬರುವುದು ತಡವಾದರೆ ಪಂಚಾಯಿತಿಯ ಸಭೆಯಲ್ಲಿ ಎದ್ದು ಕೇಳಿ. ಅದು ಭಿಕ್ಷೆಯಲ್ಲ, ನಿಮ್ಮ ಹಕ್ಕು.

ಹುಲಿ ಚಿರತೆಗಳಿಗೆ ಓದುಬರಹ ಇಲ್ಲ. ನಮ್ಮ ಎಲ್ಲೆಕಲ್ಲು ಅವಕ್ಕೆ ತಿಳಿಯದು. ತಿಳಿಯಬೇಕಾದವರು ನಾವು. ಈ ಸಂಜೆ ದೀಪ ಹಚ್ಚುವ ಮೊದಲು ಒಂದು ಸಲ ಕೊಟ್ಟಿಗೆಯ ಸುತ್ತ ತಿರುಗಿ ಬನ್ನಿ. ಬಾಗಿಲ ಅಗುಳಿ ಗಟ್ಟಿಯಿದೆಯೇ, ಮೇಲೆ ಸಂದು ಇದೆಯೇ, ಮಕ್ಕಳು ಮನೆ ಸೇರಿದರೇ ನೋಡಿ. ಅಷ್ಟು ನೋಡಿಕೊಂಡರೆ ರಾತ್ರಿ ಹಾದುಹೋಗುವವನು ತನ್ನ ಪಾಡಿಗೆ ತಾನು ಹಾದುಹೋಗುತ್ತಾನೆ.